ಆರ್ಮಿಸ್ಟನ್ ಕಮರಿಯೋ, ಟ್ರೆಫೀನಾ ಕಮರಿಯೋ?

ಆಸ್ಟ್ರೇಲಿಯಾದ ನಡುಭಾಗದ ಆಲಿಸ್ ಸ್ಪ್ರಿಂಗ್ಸ್‌ಗೆ ಹೋಗಿದ್ದೀರಿ, ಒಂದೇ ಕಮರಿ (ಗಾರ್ಜ್) ನೋಡಲು ಸಮಯವಿದೆ ಅಂದರೆ ಪಶ್ಚಿಮಕ್ಕೆ ಹೊರಡಿ, ಆರ್ಮಿಸ್ಟನ್ ಗಾರ್ಜ್‌ಗೆ. ಊರಿಂದ ಸುಮಾರು 135 ಕಿಲೋಮೀಟರ್. ಪೂರ್ವಕ್ಕಿರುವ ಟ್ರೆಫೀನಾ ಗಾರ್ಜ್ ಬರೀ 85. ಆದರೂ ನಾನು ಹೇಳುವುದು ಆರ್ಮಿಸ್ಟನ್ನೇ.

ಮುಖ್ಯ ಕಾರಣ ಬಾಡಿಗೆ ಕಾರು. ಟ್ರೆಫೀನಾಕ್ಕೆ ಕೊನೆಯ ಕೆಲವು ಕಿಲೋಮೀಟರ್ ಮಣ್ಣು ರಸ್ತೆ. ಸಣ್ಣ ಕಾರುಗಳೂ ಆರಾಮಾಗಿ ಹೋಗುತ್ತವೆ. ಆದರೆ ನಮ್ಮ ಬಾಡಿಗೆ ಕರಾರಿನಲ್ಲಿ ಟಾರು ರಸ್ತೆ ಬಿಟ್ಟರೆ ವಿಮೆ ಇಲ್ಲ ಎಂದಿತ್ತು. ಕೌಂಟರ್‌ನಲ್ಲಿ ಕೇಳಿದೆ. "ಹೋಗಬಹುದು, ಆದರೆ ಕಲ್ಲು ಹಾರಿ ಗಾಜು ಒಡೆದರೂ ದುಡ್ಡು ನಿಮ್ಮದೇ" ಅಂದರು. ಫೋರ್ ವೀಲ್ ಡ್ರೈವ್ ಬಾಡಿಗೆ ಹೆಚ್ಚುಕಡಿಮೆ ಎರಡು ಪಟ್ಟು.

ಹಾಗಾಗಿ ಟಾರು ಮುಗಿಯುವಲ್ಲಿ ಕಾರು ನಿಲ್ಲಿಸಿ ನಡೆದೆವು. ನೆರಳಿಲ್ಲ, ಕೆಂಪು ಧೂಳು, ಕಣ್ಣು ಮೂಗಿಗೆಲ್ಲ ಮುತ್ತುವ ನೊಣ. ಗಾರ್ಜ್ ಮುಟ್ಟುವಷ್ಟರಲ್ಲಿ ಒಯ್ದ ನೀರಿನಲ್ಲಿ ಅರ್ಧ ಖಾಲಿ. ವಾಪಸ್ ಅಷ್ಟೇ ದೂರ ನಡೆಯಬೇಕಲ್ವಾ? ಬೆಟ್ಟದ ನೆತ್ತಿಯ ಮೇಲಿನ 10 ಕಿಲೋಮೀಟರ್ ದಾರಿಯನ್ನು ಬಿಟ್ಟೆವು.

ಆಮೇಲೊಮ್ಮೆ ಗೆಳೆಯರ ಫೋರ್ ವೀಲ್ ಡ್ರೈವ್‌ನಲ್ಲಿ ಹೋದಾಗ ಟ್ರೆಫೀನಾ ಬೇರೆಯೇ ಜಾಗ ಅನ್ನಿಸಿತು. ಜನ ಕಡಿಮೆ. ಕೆಂಪು ಬಂಡೆಯ ಮುಂದೆ ಬೆಳ್ಳಗೆ ನಿಂತ ಗೋಸ್ಟ್ ಗಮ್ ಮರಗಳನ್ನು ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಪಕ್ಕದ ಜಾನ್ ಹೇಯ್ಸ್ ರಾಕ್‌ಹೋಲ್ ಎಂಬ ಬಂಡೆಗಳ ನಡುವಿನ ಮಡುವಿಗಂತೂ ಅಂಥ ಎತ್ತರದ ಗಾಡಿಯೇ ಬೇಕು.

ಆರ್ಮಿಸ್ಟನ್‌ಗೆ ಪಾರ್ಕಿಂಗ್‌ವರೆಗೂ ಟಾರು. ಅಲ್ಲಿನ ಪೌಂಡ್ ವಾಕ್ ಎಂಬ ಕಾಲುದಾರಿ ಸುಮಾರು 9 ಕಿಲೋಮೀಟರ್ ಸುತ್ತು, ಮೂರ್ನಾಲ್ಕು ಗಂಟೆ ಬೇಕು. ಮೊದಲು ಕಲ್ಲು ಗುಡ್ಡ. ಸ್ಪಿನಿಫೆಕ್ಸ್ ಹುಲ್ಲು ಮೀನಖಂಡಕ್ಕೆ ಸೂಜಿಯ ಹಾಗೆ ಚುಚ್ಚುತ್ತದೆ, ಉದ್ದ ಪ್ಯಾಂಟ್ ಹಾಕಿ. ನಂತರ ಸುತ್ತಲೂ ಬೆಟ್ಟವಿರುವ ದೊಡ್ಡ ಬಯಲು. ಕೊನೆಗೆ ಹಳ್ಳದ ಒಳಗೇ ನಡಿಗೆ, ಎರಡೂ ಕಡೆ ಕೆಂಪು ಗೋಡೆ. ವರ್ಷದ ಬಹುಪಾಲು ಹಳ್ಳದಲ್ಲಿ ಹರಿಯುವ ನೀರಿಲ್ಲ, ಮರಳೇ. ಕಾಲು ಹೂತು ಹೆಜ್ಜೆ ನಿಧಾನವಾಗುತ್ತದೆ. ಮಡು ತುಂಬಿದ್ದರೆ ಶೂ ಕೈಯಲ್ಲಿ ಹಿಡಿದು ದಾಟಬೇಕು. ಬಂಡೆಗಳ ಮೇಲೆ ಕಾಂಗರೂ ಜಾತಿಯ ಸಣ್ಣ ರಾಕ್ ವಾಲಬಿಗಳು ಕೂತಿರುತ್ತವೆ, ಬೆಳಿಗ್ಗೆ ಬೇಗ ಹೋದರೆ ಜಾಸ್ತಿ ಕಾಣುತ್ತವೆ.

ಟೆಂಟ್ ಹಾಕುವುದಾದರೆ ಎರಡೂ ಕಡೆ ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಿ. ಮೇಯಿಂದ ಸೆಪ್ಟೆಂಬರ್ ಒಳಗೆ ಹೋಗಿ, ಅಲ್ಲಿನ ಬೇಸಿಗೆ (ಡಿಸೆಂಬರ್‌ನಿಂದ ಫೆಬ್ರವರಿ) ಬೇಡವೇ ಬೇಡ. ಸುಮ್ನೆ ಈಜಬೇಕು ಅಂದರೆ ಆರ್ಮಿಸ್ಟನ್ ದಾರಿಯಲ್ಲೇ ಸಿಗುವ ಎಲರಿ ಕ್ರೀಕ್ ಮಡು ಸಾಕು. ನೀರು ಮಾತ್ರ ವಿಪರೀತ ತಣ್ಣಗೆ.

ಗಟ್ಟಿ ಗಾಡಿ ಇದೆ, ಜನಸಂದಣಿ ಆಗಿಬರುವುದಿಲ್ಲ ಅನ್ನುವವರು ಟ್ರೆಫೀನಾಕ್ಕೇ ಹೋಗಿ. ನನ್ನದು ಸಣ್ಣ ಕಾರಿನ ಬಜೆಟ್, ಬೆಳಗಿನ ನಡಿಗೆಯ ಅಭ್ಯಾಸ. ಊರಿಂದ ಅಪ್ಪ ಅಮ್ಮ ಬಂದಾಗಲೂ ಆರ್ಮಿಸ್ಟನ್‌ಗೇ ಕರೆದೊಯ್ಯುತ್ತೇನೆ. ಪಾರ್ಕಿಂಗ್‌ನಿಂದ ಮಡುವಿಗೆ ಅರ್ಧ ಕಿಲೋಮೀಟರ್ ಅಷ್ಟೇ, ಅಮ್ಮ ನಿಧಾನವಾಗಿ ನಡೆದೇ ತಲುಪುತ್ತಾರೆ.