ಹಳೆಯ ಗೆಝಲ್ ಹೆಲಿಕಾಪ್ಟರ್ ಹುಡುಕಲು ನಾಲ್ಕು ದಾರಿ: ಎರಡು ನಕ್ಷೆ, ನೋಂದಣಿ ಪಟ್ಟಿ, ದುರ್ಬೀನು

ಬದಿಯಡ್ಕದ ಮನೆಯ ಜಗಲಿಯಲ್ಲಿ ಕುಳಿತು ಇಂಗ್ಲೆಂಡಿನ ಹೆಲಿಕಾಪ್ಟರುಗಳ ಬೆನ್ನು ಹತ್ತುವುದೇಕೆ ಎಂದು ಮನೆಯವರು ಕೇಳುತ್ತಾರೆ. ಇದಕ್ಕೆಲ್ಲ ಮೂಲ ಚೇತಕ್ ಹೆಲಿಕಾಪ್ಟರು. ಚಿಕ್ಕಂದಿನಲ್ಲಿ ಬೇಕಲದ ಕಡಲ ತೀರದಲ್ಲಿ ಅಪ್ಪನ ಕೈಹಿಡಿದು ನಿಂತಿದ್ದಾಗ ನೌಕಾಪಡೆಯ ಚೇತಕ್ ಒಂದು ಕೋಟೆಯ ಪಕ್ಕದಲ್ಲೇ ತಗ್ಗಿ ಹಾರಿ ದಕ್ಷಿಣಕ್ಕೆ ಹೋಯಿತು. ಒಳಗಿದ್ದವರ ಶಿರಸ್ತ್ರಾಣ ಕಾಣಿಸುವಷ್ಟು ತಗ್ಗಿನಲ್ಲಿತ್ತು. ಅದು 1959ರಲ್ಲಿ ಮೊದಲ ಬಾರಿ ಹಾರಿದ ಫ್ರಾನ್ಸಿನ ಅಲೂಎಟ್ 3, ನಮ್ಮ ಎಚ್‌ಎಎಲ್ ಪರವಾನಗಿ ಪಡೆದು ಬೆಂಗಳೂರಿನಲ್ಲಿ ಕಟ್ಟಿದ್ದು ಎಂದು ತಿಳಿದದ್ದು ಬಹಳ ವರ್ಷಗಳ ನಂತರ. ಇಂತಹ ಹೆಲಿಕಾಪ್ಟರುಗಳು ಸೇನೆಯಿಂದ ನಿವೃತ್ತವಾಗಿ ಯುರೋಪಿನಲ್ಲಿ ಖಾಸಗಿಯವರ ಕೈಯಲ್ಲಿ ಇಂದಿಗೂ ಹಾರುತ್ತಿವೆ ಎಂದು ಗೊತ್ತಾದ ಮೇಲೆ ನನಗೆ ಶನಿವಾರಗಳು ಬೇರೆಯೇ ಆದವು.

ಬ್ರಿಟನ್ ಈ ಹುಡುಕಾಟಕ್ಕೆ ಬಲು ಫಲವತ್ತಾದ ನೆಲ. ಸೇನೆಯಲ್ಲಿದ್ದ ಗೆಝಲ್, ಸ್ಕೌಟ್, ಹಡಗಿನ ಮೇಲಿಂದ ಹಾರುತ್ತಿದ್ದ ವಾಸ್ಪ್, ಅಮೆರಿಕದ ಹ್ಯೂಯಿ, ಎಲ್ಲವೂ ಅಲ್ಲಿ ಖಾಸಗಿ ಒಡೆತನಕ್ಕೆ ಬಂದಿವೆ. ಅಲ್ಲಿನ ಬೇಸಿಗೆ ಎಂದರೆ ನಮ್ಮ ಮಳೆಗಾಲ. ಅಲ್ಲಿ ಬೆಳಗಿನ ಹನ್ನೊಂದು ಗಂಟೆಯಾದಾಗ ಇಲ್ಲಿ ಮಧ್ಯಾಹ್ನ ಮೂರೂವರೆ. ಹೊರಗೆ ಅಡಕೆ ತೋಟದ ಮೇಲೆ ಮಳೆ ಹೊಯ್ಯುತ್ತಿರುವಾಗ ನಾನು ಮೂರು ದಾರಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡತೊಡಗಿದೆ.

ಮೊದಲನೆಯದು, ನೆಂಟರ ವಿಮಾನ ಎಲ್ಲಿಗೆ ಬಂತು ಎಂದು ನೋಡಲು ಎಲ್ಲರೂ ಮೊಬೈಲಿನಲ್ಲಿ ಇಟ್ಟುಕೊಳ್ಳುವ ಬಗೆಯ ನಕ್ಷೆ. ಮಂಗಳೂರಿಗೆ ಬರುವ ದುಬೈ ವಿಮಾನಕ್ಕೆ ಅದಕ್ಕಿಂತ ಸುಲಭವಾದದ್ದು ಬೇರೆ ಬೇಕಿಲ್ಲ. ಹಳೆಯ ಸೇನಾ ಹೆಲಿಕಾಪ್ಟರಿಗೆ ಅದು ಸಾಲದು. ನಾನು ಬಳಸಿದ ನಕ್ಷೆಯಲ್ಲಿ ಹಲವು ಹೆಲಿಕಾಪ್ಟರುಗಳು ಹೆಸರಿಲ್ಲದ ಗುರುತಾಗಿ ಕಾಣಿಸಿದವು, ಕೆಲವು ಕಾಣಿಸಲೇ ಇಲ್ಲ. ಒಂದು ವಾರಕ್ಕಿಂತ ಹಿಂದಿನ ಹಾರಾಟ ನೋಡಬೇಕಿದ್ದರೆ ಹಣ ಕಟ್ಟಬೇಕಿತ್ತು. ನಾಲ್ಕು ಶನಿವಾರದ ನಂತರ ಕೈಬಿಟ್ಟೆ.

ಎರಡನೆಯದು ಸ್ವಯಂಸೇವಕರು ತಮ್ಮ ಮನೆಯ ಆಂಟೆನಾಗಳಿಂದ ಒದಗಿಸುವ, ಏನನ್ನೂ ಸೋಸದೆ ತೋರಿಸುವ ನಕ್ಷೆ. ಇದರಲ್ಲಿ ಮಾದರಿಯ ಸಂಕೇತ ಹಾಕಿ ಹುಡುಕಬಹುದು. ಗೆಝಲ್‌ಗೆ ಜಿ, ಎ, ಝಡ್, ಎಲ್. ಅಲೂಎಟ್ 3ಕ್ಕೆ ಎ, ಎಲ್, ಓ ಮತ್ತು 3. ಉಳಿದ ವಿಮಾನಗಳೆಲ್ಲ ಮರೆಯಾಗಿ ಆ ಒಂದೇ ಜಾತಿಯವು ಉಳಿಯುತ್ತವೆ. ಮೊದಲ ಬಾರಿ ಹಾಗೆ ಮಾಡಿದಾಗ ಹ್ಯಾಂಪ್‌ಶೈರಿನ ಮೇಲೆ ಎರಡು ಗೆಝಲ್‌ಗಳು ಜೊತೆಯಾಗಿ ಹೋಗುತ್ತಿದ್ದವು. ಎದ್ದು ನಿಂತೇ ನೋಡಿದೆ.

ವಿಮಾನದ ಗುರುತನ್ನು ರೇಡಿಯೊ ಸಂಕೇತವಾಗಿ ಕಳಿಸುವ ಪ್ರತಿ ಪ್ರೇಷಕಕ್ಕೂ (ಟ್ರಾನ್ಸ್‌ಪಾಂಡರ್) 24 ಬಿಟ್‌ಗಳ ಒಂದು ಅಂಕಿತವಿದೆ. ಪ್ರತಿ ದೇಶಕ್ಕೂ ಅದರದೇ ಸಾಲು: ಬ್ರಿಟನ್ನಿನವು 40ರಿಂದ 43ರವರೆಗಿನ ಅಂಕೆಗಳಿಂದ, ಭಾರತದವು 80ರಿಂದ 83ರವರೆಗಿನ ಅಂಕೆಗಳಿಂದ ಆರಂಭವಾಗುತ್ತವೆ. ಅಂಕಿತ ತಿಳಿದರೆ ಹಳೆಯ ದಿನಗಳ ಹಾರಾಟವನ್ನೂ ಮತ್ತೆ ತೆರೆದು ನೋಡಬಹುದು. ಆದರೆ ಹಳೆಯ ಯಂತ್ರಗಳಲ್ಲಿ ಅನೇಕವು ತಾವಿರುವ ಜಾಗವನ್ನು ತಾವೇ ಬಿತ್ತರಿಸುವುದಿಲ್ಲ. ಆಗ ಕನಿಷ್ಠ ನಾಲ್ಕು ಆಂಟೆನಾಗಳು ಒಂದೇ ಸಂಕೇತವನ್ನು ಕೇಳಿಸಿಕೊಂಡು, ಅದು ತಲುಪಿದ ವೇಳೆಯ ವ್ಯತ್ಯಾಸದಿಂದ ಜಾಗವನ್ನು ಲೆಕ್ಕ ಹಾಕಬೇಕು. 500 ಅಡಿ ಎತ್ತರದಲ್ಲಿ ಹಾರುವ ಹೆಲಿಕಾಪ್ಟರು ಸಮತಟ್ಟಾದ ನೆಲದಲ್ಲೂ ಮನೆಯ ಮಾಡಿನ ಆಂಟೆನಾಕ್ಕೆ ಹೆಚ್ಚೆಂದರೆ 60 ಕಿಲೋಮೀಟರುಗಳಷ್ಟು ದೂರದಿಂದ ಕೇಳಿಸೀತು. ನಡುವೆ ಗುಡ್ಡ ಬಂದರೆ ಅದೂ ಇಲ್ಲ. ವೇಲ್ಸಿನ ಕಣಿವೆಗಳಲ್ಲಿ ನನ್ನ ಗೆಝಲ್‌ಗಳು ಎಷ್ಟೋ ಸಲ ಕರಗಿಹೋದವು. ಪೆರ್ಲದ ತಿರುವಿನಲ್ಲಿ ಮೊಬೈಲ್ ಸಂಪರ್ಕ ಕಡಿಯುವುದನ್ನು ಕಂಡವರಿಗೆ ಇದು ಹೊಸದಲ್ಲ.

ನೀವೇ ಒಂದು ಆಂಟೆನಾ ಹಾಕಬಾರದೇ ಎಂದು ಸ್ನೇಹಿತರೊಬ್ಬರು ಕೇಳಿದರು. ನಮ್ಮಲ್ಲಿಂದ ದಕ್ಷಿಣಕ್ಕೆ ಎಳಿಮಲೆಯಲ್ಲಿ ನೌಕಾ ಅಕಾಡೆಮಿ ಇದೆ. 2010ರಲ್ಲಿ ದೆಹಲಿ ವಿಮಾನ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ವಿಮಾನಗಳ ಸಂಕೇತ ಕೇಳುವ ಉಪಕರಣಗಳೊಂದಿಗೆ ಸಿಕ್ಕಿಬಿದ್ದ ಇಬ್ಬರು ಬ್ರಿಟಿಷ್ ವಿಮಾನಾಸಕ್ತರು ಜೈಲು ಕಂಡು, ದಂಡ ಕಟ್ಟಿ ಊರಿಗೆ ಮರಳಬೇಕಾಯಿತು. ನಮ್ಮ ಸೇನೆಯ ಓಡಾಟವನ್ನು ಹಿಂಬಾಲಿಸುವ ಆಸೆ ನನಗಿಲ್ಲ, ಯಾರಿಗೂ ಇರಬಾರದು. ನನ್ನ ಆಸಕ್ತಿ ನಿವೃತ್ತರಲ್ಲಿ.

ಮೂರನೆಯದು ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರದ ನೋಂದಣಿ ಪಟ್ಟಿ, ಜಿ-ಇನ್ಫೊ. ನೋಡಲು ನಮ್ಮ ಹಳೆಯ ಜಮಾಬಂದಿ ಪುಸ್ತಕದಷ್ಟೇ ಒಣಗಿದ್ದು. ನನ್ನ ಮನಸ್ಸನ್ನು ಪೂರ್ತಿ ಗೆದ್ದದ್ದು ಇದೇ. ಏಕೆಂದರೆ ನಕ್ಷೆಗೆ ನೆನಪಿಲ್ಲ. ಸೇನೆಯಿಂದ ಹೊರಬಂದ ಗೆಝಲ್‌ಗೆ ಹೊಸ ಅಂಕಿತ ಸಿಗುತ್ತದೆ. ಬ್ರಿಟನ್ನಿನಲ್ಲಿಯೇ ಇದ್ದ ಅನೇಕ ಗೆಝಲ್‌ಗಳು ವೈಯು ಎಂದು ಆರಂಭವಾಗುವ ಸೆರ್ಬಿಯದ ನೋಂದಣಿಯಲ್ಲಿ ಹಾರುತ್ತಿದ್ದವು. ಹಿಂದಿನ ಯುಗೊಸ್ಲಾವಿಯದ ಮೋಸ್ತಾರ್ ಎಂಬ ಊರಿನಲ್ಲಿ ಇದೇ ಹೆಲಿಕಾಪ್ಟರು ಪರವಾನಗಿಯ ಮೇಲೆ ತಯಾರಾಗುತ್ತಿತ್ತು. ಮತ್ತೆ ಬ್ರಿಟಿಷ್ ನೋಂದಣಿಗೆ ಬಂದರೆ ಇನ್ನೊಂದು ಅಂಕಿತ. ನಕ್ಷೆಯ ಪಾಲಿಗೆ ಅವು ಮೂರು ಬೇರೆ ಬೇರೆ ಹೆಲಿಕಾಪ್ಟರುಗಳು. ನೋಂದಣಿ ಪಟ್ಟಿಯ ‘ಹಿಂದಿನ ಗುರುತು’ ಎಂಬ ಒಂದೇ ಸಾಲು ಆ ಮೂವರನ್ನು ಒಬ್ಬರನ್ನಾಗಿ ಮಾಡುತ್ತದೆ. 1982ರ ಫಾಕ್‌ಲೆಂಡ್ಸ್ ಯುದ್ಧದಲ್ಲಿ ಸ್ಟಾನ್ಲಿಯಲ್ಲಿ ವಶಕ್ಕೆ ಬಂದ ಅರ್ಜೆಂಟೀನಾದ ಹ್ಯೂಯಿ ಎಇ-413, ಮುಂದೆ ಜಿ-ಎಚ್‌ಯುಇವೈ ಎಂಬ ನೋಂದಣಿ ಹೊತ್ತು ಬ್ರಿಟಿಷ್ ಪ್ರದರ್ಶನಗಳಲ್ಲಿ ಹಾರಿತು. ಆಕಾಶದಲ್ಲಿ ಚಲಿಸುವ ಚುಕ್ಕೆಯಿಂದ ಇಂತಹ ಕಥೆ ಹೊರಡುವುದಿಲ್ಲ.

ಒಂದು ಮಾತನ್ನು ಇಲ್ಲೇ ಹೇಳಬೇಕು. ಆ ಪಟ್ಟಿಯಲ್ಲಿ ಒಡೆಯರ ಹೆಸರೂ ಇರುತ್ತದೆ, ನಕ್ಷೆಯಲ್ಲಿ ಅವರ ಮನೆಯ ಹಿಂದಿನ ಗದ್ದೆಯೂ ಕಾಣುತ್ತದೆ. ಅವೆರಡನ್ನೂ ನಾನು ನನ್ನ ಪುಸ್ತಕದಲ್ಲಿ ಬರೆಯುವುದಿಲ್ಲ. ನನಗೆ ಬೇಕಾದದ್ದು ಹೆಲಿಕಾಪ್ಟರಿನ ಬಾಳು, ಅದನ್ನು ಸಾಕುವವರ ವಿಳಾಸವಲ್ಲ.

ನಾಲ್ಕನೆಯ ದಾರಿಯಾದ ದುರ್ಬೀನಿನ ಪಾಳಿ ಬಂದದ್ದು ಅಕ್ಕನಿಂದ. ಬ್ರಿಸ್ಟಲ್ ಹತ್ತಿರ ನರ್ಸ್ ಆಗಿರುವ ಅಕ್ಕ ಒಂದು ಬೇಸಿಗೆಯಲ್ಲಿ ಮೂರು ವಾರಕ್ಕೆ ಕರೆಸಿಕೊಂಡಳು. ಮೊದಲು ವೆಸ್ಟನ್-ಸೂಪರ್-ಮೇರ್‌ನ ಹೆಲಿಕಾಪ್ಟರ್ ವಸ್ತುಸಂಗ್ರಹಾಲಯಕ್ಕೆ ಹೋಗಿ ಕಣ್ಣನ್ನು ಪಳಗಿಸಿಕೊಂಡೆ. ವಾಸ್ಪ್‌ಗೆ ನಾಲ್ಕು ಕಾಲು, ನಾಲ್ಕರಲ್ಲೂ ಚಕ್ರ. ಅದರದೇ ಕುಲದ ಸ್ಕೌಟ್‌ಗೆ ಜಾರುಪಟ್ಟಿ. ಮುಂದಿನ ಭಾನುವಾರ ಸಾಮರ್‌ಸೆಟ್ಟಿನ ಒಂದು ಹುಲ್ಲು ಮೈದಾನದ ಬೇಲಿಯ ಹೊರಗೆ ನಿಂತೆ. ಕಣ್ಣಿಗಿಂತ ಕಿವಿ ಮುಂದು ಎಂದು ಅಲ್ಲಿ ಗೊತ್ತಾಯಿತು. ಎರಡೇ ರೆಕ್ಕೆಯಲಗಿನ ಹ್ಯೂಯಿ ದೂರದಲ್ಲಿರುವಾಗಲೇ ಎದೆಗೆ ತಟ್ಟುತ್ತದೆ, ಬಯಲಾಟದ ಚಂಡೆ ಮೂರು ಗದ್ದೆಯ ಆಚೆಯಿಂದ ಕೇಳಿಸಿದ ಹಾಗೆ. ಗೆಝಲ್ ಹಾಗಲ್ಲ. ಅದರ ಬಾಲದಲ್ಲಿ ಬಳೆಯೊಳಗೆ ಹುದುಗಿಸಿದ 13 ಅಲಗುಗಳ ಪಂಖವಿದೆ. ಹತ್ತಿರ ಬಂದಂತೆ ಸಣ್ಣ ಸೀಟಿಯ ದನಿ ಏರುತ್ತದೆ.

ಆ ದಿನ ಸೇನೆಯ ಹಸಿರು-ಕಪ್ಪು ಬಣ್ಣದಲ್ಲೇ ಒಂದು ಗೆಝಲ್ ಇಳಿಯಿತು. ಅನುಮತಿ ಪಡೆದರೆ ಅಲ್ಲಿ ಹಳೆಯ ಸೇನಾ ಸಂಖ್ಯೆಯನ್ನೇ ಮೈಮೇಲೆ ಉಳಿಸಿಕೊಂಡು, ನಾಗರಿಕ ನೋಂದಣಿಯನ್ನು ಬರೆಯದೆ ಹಾರಬಹುದು. ಹಾಗಾಗಿ ಬಾಲದ ಮೇಲಿನ ಸಂಖ್ಯೆ ದುರ್ಬೀನಿಗೆ ಮಾತ್ರ ಸಿಕ್ಕಿತು, ನಕ್ಷೆಯಲ್ಲಿ ಅದಿರಲಿಲ್ಲ. ಮೂರು ವಾರದಲ್ಲಿ ಆರು ಬಾರಿ ಬೇಲಿಯ ಬಳಿ ನಿಂತೆ, ನಾಲ್ಕು ಬಾರಿ ಮಳೆಯಿಂದಾಗಿ ಏನೂ ಹಾರಲಿಲ್ಲ. ಖರ್ಚು, ಕಾಯುವಿಕೆ ಎರಡೂ ಹೆಚ್ಚು. ಆದರೂ ಆ ಎರಡು ದಿನಗಳಿಗೆ ನಾನು ಬೇರೆ ಎಲ್ಲ ಶನಿವಾರಗಳನ್ನೂ ಕೊಟ್ಟೇನು.

ಕಾಸರಗೋಡಿನಲ್ಲಿ ಕುಳಿತು ಆರಂಭಿಸುವವರಿಗೆ ನಾನು ಹೇಳುವುದು ನೋಂದಣಿ ಪಟ್ಟಿ ಮತ್ತು ಒಂದು ದಪ್ಪ ನೋಟ್‌ಬುಕ್. ಸೋಸದ ನಕ್ಷೆಯನ್ನು ಅದರ ಜೊತೆಗೆ ಇಟ್ಟುಕೊಳ್ಳಿ. ಮೊಬೈಲಿನ ಜನಪ್ರಿಯ ನಕ್ಷೆ ನೆಂಟರ ವಿಮಾನಕ್ಕಿರಲಿ.

ಸಾಮರ್‌ಸೆಟ್ಟಿನಲ್ಲಿ ಕಂಡ ಸಂಖ್ಯೆಯನ್ನು ಆ ರಾತ್ರಿ ಅಕ್ಕನ ಅಡುಗೆಮನೆಯ ಮೇಜಿನ ಮೇಲೆ ಪಟ್ಟಿಯಲ್ಲಿ ಹುಡುಕಿದೆ. ಎರಡು ವರ್ಷಗಳ ಹಿಂದೆ, ಇದೇ ಜಗಲಿಯಿಂದ, ವೇಲ್ಸಿನ ಕಣಿವೆಯಲ್ಲಿ ಕಳೆದುಕೊಂಡಿದ್ದ ಗೆಝಲ್ ಅದು. ಈಗ ಹುಡುಕುತ್ತಿರುವುದು ಅಲೂಎಟ್ 3. ಸ್ವಿಸ್ ವಾಯುಪಡೆ 2010ರಲ್ಲಿ ತನ್ನವನ್ನು ನಿವೃತ್ತಿಗೊಳಿಸಿತು. ಪ್ರತಿ ಶನಿವಾರ ಮೂರೂವರೆಗೆ ಆಲ್ಪ್ಸ್ ಪರ್ವತಗಳ ಮೇಲೆ ಆ ನಾಲ್ಕು ಅಕ್ಷರಾಂಕೆಗಳನ್ನು ಹಾಕಿ ನೋಡುತ್ತೇನೆ.