ಕನ್ನಡಕದೊಂದಿಗೆ ಧರಿಸಬಹುದಾದ ಸಿ-ಪ್ಯಾಪ್ ಮಾಸ್ಕ್: ಎರಡೂವರೆ ವರ್ಷಗಳ ಬಳಕೆಯ ನಂತರ

ನಿದ್ದೆಯಲ್ಲಿ ಉಸಿರು ನಿಲ್ಲುವವರಿಗೆ ಒತ್ತಡದ ಗಾಳಿ ಊದಿ ಉಸಿರಿನ ದಾರಿ ತೆರೆದಿಡುವ ಯಂತ್ರ ಸಿ-ಪ್ಯಾಪ್. ಆ ಗಾಳಿಯನ್ನು ಮುಖಕ್ಕೆ ತಲುಪಿಸುವುದು ಮಾಸ್ಕ್. ನಾನು ಈಗ ಬಳಸುತ್ತಿರುವುದು ನನ್ನ ಮೂರನೆಯ ಮಾಸ್ಕ್. ಮೊದಲಿನ ಎರಡು ಬೀರುವಿನ ಮೇಲಿನ ಪೆಟ್ಟಿಗೆಯಲ್ಲಿವೆ. ಅವುಗಳಿಗೆ ತೆತ್ತ 13,000 ರೂಪಾಯಿ ನೆನಪಾದಾಗಲೆಲ್ಲ, ಮೂಗಿನ ಮೇಲೆ ಕನ್ನಡಕ ಕೂರುವ ಜಾಗವನ್ನು ಕೈ ತಾನಾಗಿಯೇ ಸವರುತ್ತದೆ.

ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡಿ ಲೆಕ್ಕಪತ್ರದ ಕೆಲಸ ಮಾಡುವವನು ನಾನು. ಒಂದು ಸಂಜೆ ಕುಳಿತಲ್ಲೇ ನಿದ್ದೆ ಹತ್ತಿ, ಊರು ದಾಟಿ ಗುಬ್ಬಿಯಲ್ಲಿ ಇಳಿದು, ಬಸ್ಸು ಹಿಡಿದು ಹಿಂದಿರುಗಿದ ಮೇಲೆ ಮನೆಯವರ ಒತ್ತಾಯಕ್ಕೆ ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯಲ್ಲಿನ ಉಸಿರಾಟದ ಪರೀಕ್ಷೆ, ಮಾಡಿಸಿಕೊಂಡೆ. ಗಂಟೆಗೆ 38 ಬಾರಿ ಉಸಿರು ನಿಲ್ಲುವುದೋ ಕುಗ್ಗುವುದೋ ಆಗುತ್ತಿದೆ ಎಂದು ವರದಿ ಬಂತು. ಐದಕ್ಕಿಂತ ಕಡಿಮೆಯಿದ್ದರೆ ಸಹಜ, ಮೂವತ್ತು ದಾಟಿದರೆ ತೀವ್ರ. ವೈದ್ಯರು 9 ಸೆಂಟಿಮೀಟರ್ ನೀರಿನ ಒತ್ತಡಕ್ಕೆ (ಈ ಯಂತ್ರದ ಗಾಳಿಯ ಒತ್ತಡವನ್ನು ಅಳೆಯುವುದು ಹೀಗೆ) ಯಂತ್ರವನ್ನು ಹೊಂದಿಸಿಕೊಟ್ಟರು. ಯಂತ್ರದ ಬಗ್ಗೆ ಎಲ್ಲರೂ ಬರೆದಿದ್ದಾರೆ, ಅದನ್ನು ಬಿಡುತ್ತೇನೆ.

ಬಾಯಿ ತೆರೆದು ಮಲಗುತ್ತೇನೆಂದು ತಿಳಿದ ಕೂಡಲೇ ಅಂಗಡಿಯವರು ಮೂಗು, ಬಾಯಿ ಎರಡನ್ನೂ ಮುಚ್ಚುವ ಫುಲ್ ಫೇಸ್ ಮಾಸ್ಕ್ ಕೊಟ್ಟರು. ಅದರ ಮೇಲಂಚು ಕೂರುವುದು ಕನ್ನಡಕದ ಗುಂಡಿಗಳು ಕೂರುವ ಜಾಗದಲ್ಲಿಯೇ. ರಾತ್ರಿ ಮಾಸ್ಕ್ ಒತ್ತಿದ ಚರ್ಮದ ಮೇಲೆ ಹಗಲು ಕನ್ನಡಕ ಕೂತು, ವಾರ ಕಳೆಯುವಷ್ಟರಲ್ಲಿ ಕೆಂಪು ಗುರುತು ಹುಣ್ಣಾಯಿತು. ಕಚೇರಿಯಲ್ಲಿ ಲೆಕ್ಕದ ಪುಸ್ತಕವನ್ನು ಮೂಗಿಗೆ ಹತ್ತಿರ ಹಿಡಿದು, ಕನ್ನಡಕವನ್ನು ಹಣೆಗೇರಿಸಿಕೊಂಡು ಓದುತ್ತಿದ್ದೆ. ತಪ್ಪು ನನ್ನದೂ ಇತ್ತು. ಗಾಳಿ ಸೋರಿ ಕಣ್ಣಿಗೆ ಬಡಿದಾಗಲೆಲ್ಲ ಪಟ್ಟಿಗಳನ್ನು ಇನ್ನಷ್ಟು ಬಿಗಿದೆ. ಬಿಗಿದಷ್ಟೂ ಸೋರಿಕೆ ಹೆಚ್ಚಾಯಿತು. ಕುಶನ್ನಿನ (ಮುಖಕ್ಕೆ ತಾಗುವ ಮೆತ್ತೆಯ) ಒಳಗಿರುವ ತೆಳುವಾದ ಸಿಲಿಕಾನ್ ಪದರವು ಗಾಳಿಯಿಂದ ಉಬ್ಬಿ ತಾನಾಗಿಯೇ ಚರ್ಮಕ್ಕೆ ಅಂಟಿಕೊಳ್ಳಬೇಕು, ಬಿಗಿದರೆ ಅದು ಮಡಚಿಕೊಂಡು ಸಂದು ಬಿಡುತ್ತದೆ ಎಂಬುದು ಎರಡು ತಿಂಗಳ ಬಳಿಕ ತಿಳಿಯಿತು. ಪಟ್ಟಿಗಳನ್ನು ಹೊಂದಿಸಬೇಕಾದದ್ದು ಕನ್ನಡಿಯ ಮುಂದೆ ನಿಂತಲ್ಲ. ಯಂತ್ರ ಚಾಲೂ ಮಾಡಿ, ಮಲಗಿದ ಮೇಲೆ. ಮಲಗಿದಾಗ ಕೆನ್ನೆಯ ಮಾಂಸ ಜರುಗಿ ಮುಖದ ಆಕಾರವೇ ಬೇರೆಯಾಗುತ್ತದೆ.

ಎರಡನೆಯದು ಮೂಗನ್ನು ಮಾತ್ರ ಮುಚ್ಚುವ ನೇಸಲ್ ಮಾಸ್ಕ್. ಅದರ ಕೆಳಗಿನ ಅಂಚು ನನ್ನ ಮೀಸೆಯ ಮೇಲೆ ಕೂತು, ಕೂದಲ ಸಂದಿನಿಂದ ರಾತ್ರಿಯಿಡೀ ಸೀಟಿ ಹೊಡೆಯುತ್ತಿತ್ತು. ಮೀಸೆ ತೆಗೆದರೆ ಸರಿಹೋಗುತ್ತದೆ ಎಂದರು. ತಂದೆಯವರು ತೀರಿಕೊಂಡಾಗ ತೆಗೆದದ್ದನ್ನು ಬಿಟ್ಟರೆ ಇನ್ನೆಂದೂ ತೆಗೆಯದ ಮೀಸೆಯನ್ನು ಒಂದು ಸಿಲಿಕಾನ್ ತುಂಡಿಗಾಗಿ ತೆಗೆಯಲು ಮನಸ್ಸು ಒಪ್ಪಲಿಲ್ಲ.

ಮೂರನೆಯದು ನೇಸಲ್ ಪಿಲ್ಲೋ, ಅಂದರೆ ಮೂಗಿನ ಹೊಳ್ಳೆಗಳ ಬಾಯಿಗೆ ಕೂರುವ ಎರಡು ಮೆತ್ತನೆಯ ಕೊಳವೆಗಳು ಮತ್ತು ತಲೆಯ ಹಿಂದಕ್ಕೆ ಹೋಗುವ ಎಲಾಸ್ಟಿಕ್ ಪಟ್ಟಿ. ಇಂಥದ್ದನ್ನು ಹಲವು ಕಂಪನಿಗಳು ಮಾಡುತ್ತವೆ. ನನ್ನ ಅನುಭವದಲ್ಲಿ ಕಂಪನಿಗಿಂತ ಮಾಸ್ಕಿನ ಬಗೆ ಮತ್ತು ಅಳತೆ ಮುಖ್ಯ. ಇದು ಮೀಸೆಯನ್ನು ಮುಟ್ಟುವುದಿಲ್ಲ, ಕನ್ನಡಕದ ಜಾಗಕ್ಕೂ ಬರುವುದಿಲ್ಲ. ಮೊದಲ ರಾತ್ರಿ ಮಾಸ್ಕ್ ಧರಿಸಿ, ಅಭ್ಯಾಸಬಲದಿಂದ ಕನ್ನಡಕ ತೆಗೆಯಲು ಕೈಯೆತ್ತಿದವನಿಗೆ ಅದನ್ನು ತೆಗೆಯುವ ಅಗತ್ಯವೇ ಇಲ್ಲವೆಂದು ಹೊಳೆದಾಗ ಆದ ಸಂತೋಷ ಸಣ್ಣದಲ್ಲ. ಬೆಳಗಿನ ರೈಲಿನ ನೂಕುನುಗ್ಗಲಿನಲ್ಲಿ ಓದಲಾಗದೆ ಉಳಿದ ಪತ್ರಿಕೆಯನ್ನು ದಿಂಬಿಗೆ ಒರಗಿ, ಮಾಸ್ಕಿನೊಳಗೆ ಉಸಿರಾಡುತ್ತಲೇ ಕೊನೆಯ ಪುಟದವರೆಗೆ ಓದುತ್ತೇನೆ. ಆ ಅರ್ಧ ಗಂಟೆಯಲ್ಲಿ ಯಂತ್ರದ ಗಾಳಿಗೆ ಮೂಗು ಒಗ್ಗಿಕೊಳ್ಳುತ್ತದೆ. ಓದು ಮುಗಿದ ಮೇಲೆ ಕನ್ನಡಕ ತೆಗೆದಿಟ್ಟು, ದೀಪ ಆರಿಸಿ, ಗೋಡೆಯ ಕಡೆಗೆ ಮಗ್ಗುಲಾದರೆ ಮುಗಿಯಿತು.

ಅದಕ್ಕೂ ಮುಂಚೆ ಇನ್ನೊಂದು ಕೆಲಸವಿದೆ. ಮುಖದ ಜಿಡ್ಡು ಹೋಗುವಂತೆ ಸೋಪು ಹಾಕಿ ತೊಳೆದುಕೊಳ್ಳುತ್ತೇನೆ, ಏಕೆಂದರೆ ಜಿಡ್ಡಿದ್ದರೆ ಸಿಲಿಕಾನ್ ಜಾರುತ್ತದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುವುದನ್ನು ಭಾನುವಾರದ ಬೆಳಗ್ಗೆಗೆ, ಸ್ನಾನಕ್ಕೆ ಮುಂಚೆ ಎಂದು ಬದಲಿಸಿಕೊಂಡಿದ್ದೇನೆ. ತಿಪಟೂರಿನ ಕಡೆಯ ಸಂಬಂಧಿಕರಿಗೆ ಇದು ಇನ್ನೂ ಅರ್ಥವಾಗಿಲ್ಲ.

ಬಾಯಿ ತೆರೆಯುವ ಸಮಸ್ಯೆ ಏನಾಯಿತೆಂದರೆ, ನನ್ನ ಬಾಯಿ ತೆರೆದುಕೊಳ್ಳುತ್ತಿದ್ದದ್ದು ಮೂಗು ಕಟ್ಟುತ್ತಿದ್ದ ಕಾರಣದಿಂದ. ಯಂತ್ರದ ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್ ಹಾಕಿದ ಮೇಲೆ ಮೂಗು ತೆರೆದಿದ್ದು, ಬಾಯಿ ತಾನಾಗಿ ಮುಚ್ಚಿಕೊಂಡಿತು. ಎಲ್ಲರಿಗೂ ಹೀಗೇ ಆಗುತ್ತದೆ ಎನ್ನಲಾರೆ. ಈಗ ಗಂಟೆಗೆ ಉಸಿರು ನಿಲ್ಲುವ ಲೆಕ್ಕ ಮೂರನ್ನು ದಾಟುವುದಿಲ್ಲ, ಸಂಜೆಯ ರೈಲು ತುಮಕೂರಿಗೆ ಮುಂಚಿನ ಕ್ಯಾತ್ಸಂದ್ರ ಬಿಟ್ಟದ್ದು ನನಗೆ ತಿಳಿಯುತ್ತದೆ.

ಇಷ್ಟು ಹೊಗಳಿದ ಮೇಲೆ ಬೈಗುಳಕ್ಕೂ ಜಾಗ ಬೇಕು. ನೇರವಾಗಿ ಹೊಳ್ಳೆಗೆ ನುಗ್ಗುವ ಗಾಳಿಯಿಂದ ಮೊದಲ ಹತ್ತು ದಿನ ಎರಡೂ ಹೊಳ್ಳೆಗಳಲ್ಲಿ ಉರಿಯಿತ್ತು, ಎಡಗಡೆಯದು ಆಮೇಲೂ ಉಳಿಯಿತು. ನಮ್ಮ ಬಡಾವಣೆಯ ಬೋರ್‌ವೆಲ್ ನೀರು ಎಷ್ಟು ಗಡಸೆಂದರೆ, ಅದನ್ನೇ ಕಾಯಿಸಿ ಆರಿಸಿ ಹ್ಯುಮಿಡಿಫೈಯರಿಗೆ ಹಾಕಿದ್ದಕ್ಕೆ ಒಂದೇ ತಿಂಗಳಲ್ಲಿ ತಳದಲ್ಲಿ ಬಿಳಿ ಪೊರೆ ಕಟ್ಟಿತು. ಈಗ ಡಿಸ್ಟಿಲ್ಡ್ ನೀರನ್ನು ಮೆಡಿಕಲ್ ಸ್ಟೋರಿನಿಂದ ತರಿಸುವ ಖರ್ಚು ಬೇರೆ. ನಾವು ಬಿಟ್ಟ ಉಸಿರು ಹೊರಹೋಗಲೆಂದು ಮಾಸ್ಕಿನ ಮುಂಭಾಗದಲ್ಲಿ ಸಣ್ಣ ರಂಧ್ರಗಳಿರುತ್ತವೆ. ಅವನ್ನು ಮುಚ್ಚುವಂತಿಲ್ಲ. ಮಗ್ಗುಲು ಬದಲಿಸಿದಾಗ ಆ ಗಾಳಿ ಸೀದಾ ಮಡದಿಯ ಕತ್ತಿಗೆ ತಣ್ಣಗೆ ಬಡಿಯುತ್ತದೆ. “ರೀ, ಇದಕ್ಕಿಂತ ನಿಮ್ಮ ಗೊರಕೆಯೇ ವಾಸಿಯಿತ್ತಲ್ಲ” ಎಂದು ಚಳಿಗಾಲದಲ್ಲಿ ಆಕೆ ಹೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆಕೆಯ ಶಾಲು ಈಗ ಹಾಸಿಗೆಯ ಕಾಯಂ ಸದಸ್ಯ.

ನಿಜವಾದ ಸಿಟ್ಟು ಎಲಾಸ್ಟಿಕ್ ಪಟ್ಟಿಯ ಮೇಲೆ. ಎಂಟು ತಿಂಗಳಿಗೆ ಅದು ಸಡಿಲಾಗಿ, ನಿಮಿಷಕ್ಕೆ 24 ಲೀಟರಿನ ಸೋರಿಕೆಯ ಮಿತಿಯನ್ನು ಯಂತ್ರ ದಿನವೂ ದಾಟಿ ತೋರಿಸತೊಡಗಿತು. ಬಿಡಿ ಪಟ್ಟಿಗೆ ಕೇಳಿದ ಬೆಲೆ 2,200 ರೂಪಾಯಿ. ಒಂದು ಪಟ್ಟಿಗೆ ಅಷ್ಟು ಕೊಡಲು ಕೈ ಬರದೆ, ಮಡದಿಯಿಂದಲೇ ಹಿಂಬದಿಯಲ್ಲಿ ಅರ್ಧ ಅಂಗುಲ ಮಡಿಚಿ ಹೊಲಿಸಿಕೊಂಡೆ. ಇನ್ನೂ ಒಂದು ವರ್ಷ ಬಂತು. ನೆಗಡಿಯ ವಾರದಲ್ಲಿ ಮಾತ್ರ ಹಳೆಯ ಫುಲ್ ಫೇಸ್ ಮಾಸ್ಕಿಗೇ ಮರಳಬೇಕು. ಆಗ ಕನ್ನಡಕದ ಜಾಗಕ್ಕೆ ತೆಳುವಾದ ಬಟ್ಟೆ ಪ್ಲಾಸ್ಟರ್ ಅಂಟಿಸಿ ಮಲಗುತ್ತೇನೆ.

ಹೆಚ್ಚಿನ ಒತ್ತಡ ಬೇಕಾದವರಿಗೆ ಹೊಳ್ಳೆಯೊಳಗಿನ ಈ ಗಾಳಿ ಹಿಂಸೆಯಾಗಬಹುದು. ಒಂಬತ್ತು, ಹತ್ತರ ಆಸುಪಾಸಿನಲ್ಲಿರುವ, ಕನ್ನಡಕ ಅಥವಾ ಮೀಸೆ ಇರುವವರು ಮೊದಲು ಇದನ್ನೇ ನೋಡಲಿ. ಪೇಸ್‌ಮೇಕರ್ ಇರುವವರು ಅಯಸ್ಕಾಂತದ ಕ್ಲಿಪ್ಪುಗಳಿರುವ ಮಾಸ್ಕ್ ಕೊಳ್ಳುವ ಮುನ್ನ ವೈದ್ಯರನ್ನು ಕೇಳಬೇಕು. ಈ ಮೂರನೆಯ ಮಾಸ್ಕಿನ ಪೆಟ್ಟಿಗೆಯಲ್ಲಿ ಮೂರು ಅಳತೆಯ ಕುಶನ್‌ಗಳಿದ್ದವು, ಮಧ್ಯಮದ್ದು ಸಾಕೆಂದು ಅಂಗಡಿಯವರು ಹೇಳಿದ್ದನ್ನು ನಂಬಿ ಆರು ತಿಂಗಳು ಅದರಲ್ಲೇ ಕಳೆದೆ. ದೊಡ್ಡದನ್ನು ಹಾಕಿ ನೋಡಿದ ರಾತ್ರಿಯಿಂದ ಎಡ ಹೊಳ್ಳೆಯ ಉರಿ ನಿಂತಿತು. ಆದ್ದರಿಂದ ಕೊಳ್ಳುವ ದಿನವೇ, ಅಂಗಡಿಯ ಬೆಂಚಿನ ಮೇಲೆ ಮಲಗಿ, ಗಾಳಿ ಬಿಟ್ಟು, ಮೂರನ್ನೂ ಹಾಕಿ ನೋಡಿ. ಬೆಂಚಿಲ್ಲ ಎಂದರೆ ಬೇರೆ ಅಂಗಡಿಗೆ ಹೋಗಿ, ಏಕೆಂದರೆ ಪೆಟ್ಟಿಗೆ ತೆರೆದ ಮೇಲೆ ನನ್ನ ಮೊದಲಿನ ಎರಡನ್ನೂ ಯಾರೂ ವಾಪಸು ತೆಗೆದುಕೊಳ್ಳಲಿಲ್ಲ.