ಹಾಸನದ ಹಿರಿಯರಿಗೆ ರೆಡ್ ಕಾರ್ಪೆಟ್ ಪಾಲಿಸಿ: ಯಾರು ತಗೋಬೇಕು, ಯಾರು ಬಿಡಬೇಕು

ಸ್ಟಾರ್ ಹೆಲ್ತ್ ಕಂಪನಿಯ ಸೀನಿಯರ್ ಸಿಟಿಜನ್ಸ್ ರೆಡ್ ಕಾರ್ಪೆಟ್ ಆರೋಗ್ಯ ವಿಮೆ ಪಾಲಿಸಿಗೆ 60ರಿಂದ 75 ವರ್ಷದೊಳಗೆ ಸೇರಬಹುದು. ಸೇರುವ ಮುನ್ನ ವೈದ್ಯಕೀಯ ತಪಾಸಣೆ ಕಡ್ಡಾಯವಿಲ್ಲ. ಹಳೇ ಕಾಯಿಲೆಗೆ ಎರಡನೇ ವರ್ಷದಿಂದಲೇ ರಕ್ಷಣೆ. ಬೇರೆ ಪಾಲಿಸಿಗಳು 36 ತಿಂಗಳವರೆಗೆ ಕಾಯಿಸಬಹುದು. ಸಕ್ಕರೆ ಕಾಯಿಲೆ, ಬಿಪಿ ಇರುವವರಿಗೆ ಇದು ನಿಜಕ್ಕೂ ದೊಡ್ಡ ಅನುಕೂಲ.

ತೊಡಕಿರುವುದು ಕೋ-ಪೇಯಲ್ಲಿ. ಒಪ್ಪಿದ ಕ್ಲೇಮಿನ ಶೇ 30 ಭಾಗ ನಾವೇ ಕಟ್ಟಬೇಕು: 4 ಲಕ್ಷಕ್ಕೆ 1.2 ಲಕ್ಷ. ರೂಮ್ ಬಾಡಿಗೆಯ ಮಿತಿಯನ್ನಂತೂ ಯಾವ ಪಾಲಿಸಿಯಲ್ಲೂ ಓದದೆ ಬಿಡಬೇಡಿ. ಮಿತಿ 3,000 ಇದ್ದು 6,000 ರೂಪಾಯಿಯ ರೂಮು ಹಿಡಿದರೆ ವೈದ್ಯರ ಫೀಸು, ಆಪರೇಷನ್ ಥಿಯೇಟರ್ ಖರ್ಚಿಗೂ ಕಂಪನಿ ಕೊಡುವ ಹಣ ಅರ್ಧಕ್ಕೆ ಇಳಿಯಬಹುದು. ಔಷಧಿ, ಸ್ಟೆಂಟ್‌ಗೆ ಆ ಕಡಿತ ಇಲ್ಲ.

ದೊಡ್ಡ ಚಿಕಿತ್ಸೆಗೆ ಹಾಸನದವರು ಮೈಸೂರು, ಬೆಂಗಳೂರಿಗೆ ಹೋಗುತ್ತಾರೆ. ಮೂಡಿಗೆರೆ ಕಡೆಯವರು ಚಾರ್ಮಾಡಿ ಇಳಿದು ಮಂಗಳೂರಿಗೆ. ಹಾಗಾಗಿ ಊರಿನ ಆಸ್ಪತ್ರೆಯ ಜೊತೆ ಅಲ್ಲಿನ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ (ಬಿಲ್ಲಿನ ಹಣವನ್ನು ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟುವ ವ್ಯವಸ್ಥೆ) ಇದೆಯೇ ಎಂದು ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್‌ನಲ್ಲೇ ಕೇಳಿ.

ಅರ್ಜಿಯನ್ನು ಏಜೆಂಟರ ಕೈಗೆ ಬಿಡಬೇಡಿ. ಹಳೇ ಆಪರೇಷನ್, ದಿನನಿತ್ಯದ ಮಾತ್ರೆ ಎಲ್ಲವನ್ನೂ ಬರೆಸಿ. ಮುಚ್ಚಿಟ್ಟರೆ ಕ್ಲೇಮ್ ತಿರಸ್ಕಾರವಾಗುವುದು ಅಲ್ಲೇ. ಪಾಲಿಸಿ ಕೈಸೇರಿದ ಮೇಲೆ ರದ್ದು ಮಾಡಲು 30 ದಿನ ಇರುತ್ತದೆ.

62ರ ಆಸುಪಾಸಿನಲ್ಲಿ ಗಟ್ಟಿಮುಟ್ಟಾಗಿದ್ದರೆ ತಪಾಸಣೆ ಮಾಡಿಸಿ, ಕೋ-ಪೇ ಇಲ್ಲದ ಸಾಮಾನ್ಯ ಪಾಲಿಸಿಯನ್ನೇ ಹಿಡಿಯಿರಿ. 70 ದಾಟಿ, ಬೇರೆ ಕಂಪನಿಗಳು ಬೇಡ ಅಂದವರಿಗೆ ರೆಡ್ ಕಾರ್ಪೆಟ್ ಸರಿ.